ಗೆಲೀನದ ಮೇಲಿನ ಕಡುನೀಲಿ ಹರಳು: ಅಜುರೈಟೋ, ಲಿನಾರೈಟೋ?

ಪ್ರಶ್ನೆ
ಬೆಣಚುಕಲ್ಲಿನ ಬಿರುಕಿನಲ್ಲಿ, ಗೆಲೀನದ (ಸೀಸದ ಅದಿರು) ಮೇಲೆ 2ರಿಂದ 4 ಮಿಲಿಮೀಟರ್ ಉದ್ದದ ಕಡುನೀಲಿ ಹರಳುಗಳಿವೆ. ಚಪ್ಪಟೆ ಪಟ್ಟಿಯಂತಿವೆ, ಒಳ್ಳೆಯ ಹೊಳಪಿದೆ. ಅಕ್ಕಪಕ್ಕ ಸೆರುಸೈಟ್ ಎಂಬ ಬಿಳಿ ಸೀಸದ ಖನಿಜ, ಒಂದಿಷ್ಟು ಹಸಿರು ಪೊರೆ. ಚೀಟಿಯಲ್ಲಿ ಅಜುರೈಟ್ ಎಂದು ಬರೆದಿದೆ, ನನಗೆ ಲಿನಾರೈಟ್ ಇರಬಹುದೆಂಬ ಅನುಮಾನ; ಎರಡೂ ತಾಮ್ರವಿರುವ ನೀಲಿ ಖನಿಜಗಳೇ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ತಿಳಿನೀಲಿ ಗೆರೆ ಬೀಳುತ್ತದೆ. ಕಳಚಿಬಿದ್ದ 0.2 ಗ್ರಾಂ ಗೊಂಚಲೊಂದು ಕೈಯಲ್ಲಿದೆ. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಸಾಪೇಕ್ಷ ಸಾಂದ್ರತೆ ಅಳೆದು ತೀರ್ಮಾನಿಸಬಹುದೇ?

ಉತ್ತರ 1
ಈ ತಕ್ಕಡಿಯಲ್ಲಿ ಆಗದು. ಲಿನಾರೈಟ್ ಸುಮಾರು 5.3, ಅಜುರೈಟ್ 3.8, ಅಂತರವೇನೋ ದೊಡ್ಡದೇ. ಆದರೆ 0.2 ಗ್ರಾಂ ಲಿನಾರೈಟನ್ನು ನೀರಲ್ಲಿ ತೂಗಿದರೆ ಕಡಿಮೆಯಾಗುವ ತೂಕ 0.038 ಗ್ರಾಂ, ಅಜುರೈಟಾದರೆ 0.053. ವ್ಯತ್ಯಾಸ 0.015 ಮಾತ್ರ, ತಕ್ಕಡಿಯ ಕೊನೆಯ ಅಂಕಿ ಅತ್ತಿತ್ತ ಆದರೂ ಲೆಕ್ಕ ಕೆಟ್ಟಿತು. ಸಂದಿಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಅಥವಾ ಬುಡದಲ್ಲಿ ಗೆಲೀನ (7.5) ಅಂಟಿದ್ದರೆ ಮುಗಿಯಿತು.

ಬಣ್ಣ, ಗೆರೆ ಎರಡರಿಂದಲೂ ಪ್ರಯೋಜನವಿಲ್ಲ, ಎರಡು ಖನಿಜಕ್ಕೂ ಅವು ಒಂದೇ. ಗಡಸುತನ ನೋಡಿ (ಆವರಣದ ಅಂಕಿಗಳು ಮೋಸ್ ಗಡಸುತನ ಮಾಪಕದವು). ಕ್ಯಾಲ್ಸೈಟಿನ (3) ಚೂಪು ಅಂಚಿನಿಂದ, ಲೂಪಿನಡಿ (ಚಿಕ್ಕ ಭೂತಗನ್ನಡಿ), ಒಂದು ಮುರುಕು ಹರಳನ್ನು ಗೀಚಿ. ಲಿನಾರೈಟಾದರೆ (2.5) ಅದರ ಮೇಲೆ ಗೀರು ಬೀಳುತ್ತದೆ, ಅಜುರೈಟಾದರೆ (3.5ರಿಂದ 4) ಬೀಳುವುದಿಲ್ಲ. ಉಳಿಯುವ ಗುರುತನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಿ; ಅಳಿಸಿಹೋದರೆ ಅದು ಕ್ಯಾಲ್ಸೈಟಿನ ಪುಡಿ, ಗೀರಲ್ಲ.

ಉತ್ತರ 2
ಖಚಿತವಾಗಲು ಆಮ್ಲವೇ ಬೇಕು. ಸುಮಾರು 10% ಹೈಡ್ರೋಕ್ಲೋರಿಕ್ ಆಮ್ಲ ಸಾಕು. ದುರ್ಬಲಗೊಳಿಸುವಾಗ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರನ್ನಲ್ಲ. ಸಾಸಿವೆಗಿಂತ ಚಿಕ್ಕ ನೀಲಿ ಕಣವನ್ನು ಗಾಜಿನ ಪಟ್ಟಿಯ ಮೇಲಿಟ್ಟು ಒಂದೇ ಹನಿ ಬಿಡಿ. ಅಜುರೈಟ್ ತಾಮ್ರದ ಕಾರ್ಬೊನೇಟ್. ಗುಳ್ಳೆಯೆಬ್ಬಿಸುತ್ತ ಕರಗಿ ಹನಿಗೆ ಹಸಿರು ಛಾಯೆ ಕೊಡುತ್ತದೆ. ಲಿನಾರೈಟ್ ಸೀಸ-ತಾಮ್ರದ ಸಲ್ಫೇಟ್. ಗುಳ್ಳೆ ಬಾರದೆ ಮೈಮೇಲೆ ಸೀಸದ ಕ್ಲೋರೈಡಿನ ಬಿಳಿ ಪೊರೆ ಕಟ್ಟುತ್ತದೆ. ಇಡೀ ಮಾದರಿಯ ಮೇಲೆ ಮಾತ್ರ ಆಮ್ಲ ಬಿಡಲೇಬೇಡಿ, ಆ ಬಿಳುಪು ಹರಳಿನ ಅಂದವನ್ನೇ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು
ಮಾಡಿದೆ. ಕಣ ಬೆಳ್ಳಗಾಯಿತು, ಆದರೆ ಒಂದು ಬದಿಯಲ್ಲಿ ಸಣ್ಣ ಗುಳ್ಳೆಗಳೂ ಬಂದು ಬೇಗ ನಿಂತವು. ಕ್ಯಾಲ್ಸೈಟಿನಿಂದ ಹರಳಿನ ಮೇಲೆ ಗೀರು ಬಿತ್ತು.

ಉತ್ತರ 2
ಆ ಗುಳ್ಳೆ ಅಂಟಿಕೊಂಡ ಸೆರುಸೈಟಿನದು ಇರಬೇಕು. ಅದು ಸೀಸದ ಕಾರ್ಬೊನೇಟ್. ಅದರ ಮೇಲೂ ಕ್ಲೋರೈಡ್ ಪೊರೆ ಕಟ್ಟುವುದರಿಂದ ನೊರೆ ಬೇಗ ನಿಲ್ಲುತ್ತದೆ. ಬಿಳಿ ಬೆರೆಯದ, ಬರೀ ನೀಲಿಯ ಕಣ ಆರಿಸಿ ಮತ್ತೊಮ್ಮೆ ಮಾಡಿ. ಗುಳ್ಳೆ ಎಲ್ಲಿಂದ ಏಳುತ್ತದೆ ಎಂಬುದನ್ನು ಲೂಪಿನಲ್ಲೇ ನೋಡಬೇಕು. ಹಸಿರು ಪೊರೆಗೂ ಒಂದು ಹನಿ ಬಿಡಿ. ನೊರೆಯಿಲ್ಲದೆ ಕರಗಿದರೆ ಅದು ಮ್ಯಾಲಕೈಟ್ (ತಾಮ್ರದ ಹಸಿರು ಕಾರ್ಬೊನೇಟ್) ಅಲ್ಲ, ಬಹುಶಃ ಬ್ರೋಕಾಂಟೈಟ್. ಅದೂ ಸಲ್ಫೇಟೇ, ಲಿನಾರೈಟಿನ ನೆರೆಯಲ್ಲಿ ಆಗಾಗ ಸಿಗುವಂಥದ್ದು.

ಉತ್ತರ 3
ಗೆಲೀನದ ಮೇಲೇ ಕೂತ ನೀಲಿ ಕಂಡಾಗ ಚೀಟಿಯನ್ನು ಅನುಮಾನಿಸಲೇಬೇಕು. ಗೆಲೀನವೂ ತಾಮ್ರದ ಅದಿರೂ ಗಾಳಿ-ನೀರಿಗೆ ಒಡ್ಡಿಕೊಂಡು ಕೊಳೆತಾಗ ಸೀಸ, ತಾಮ್ರ, ಸಲ್ಫೇಟ್ ಮೂರೂ ಒಂದೇ ಕಡೆ ಸೇರುತ್ತವೆ. ಲಿನಾರೈಟ್ ಹುಟ್ಟುವುದು ಅಲ್ಲಿ. ಹೆಸರು ಬಂದದ್ದೂ ಸ್ಪೇನಿನ ಲಿನಾರೆಸ್ ಎಂಬ ಸೀಸದ ಗಣಿಯೂರಿನಿಂದ.

ಒಂದು ದಿಕ್ಕಿನಲ್ಲಿ ಲಿನಾರೈಟ್ ನುಣುಪಾಗಿ ಸೀಳುತ್ತದೆ, ಆದ್ದರಿಂದ ಬ್ರಷ್ ಹಾಕಿ ಉಜ್ಜಬೇಡಿ. ಗೀಚಿದ ಪುಡಿಯಲ್ಲಿ ಸೀಸವಿದೆ: ಊದದೆ ಒದ್ದೆ ಕಾಗದದಲ್ಲಿ ಒರೆಸಿ, ಕೈ ತೊಳೆಯಿರಿ.