ತಮ್ಮನಿಗೆ ರಕ್ತದ ಕ್ಯಾನ್ಸರ್, ಅಕ್ಕನಿಗೆ ದಿನಾ ಹೊಟ್ಟೆನೋವು: ಅವಳಿಗೆ ಏನು ಹೇಳೋದು?

ಪ್ರಶ್ನೆ (ಒಬ್ಬ ತಾಯಿ, ಕಡೂರು ಕಡೆಯವರು):
ನಮಸ್ಕಾರ ಮೇಡಂ. ನಾಲ್ಕು ವರ್ಷದ ಮಗನಿಗೆ ಎ.ಎಲ್.ಎಲ್. (ಒಂದು ಬಗೆಯ ರಕ್ತದ ಕ್ಯಾನ್ಸರ್) ಅಂತ ಗೊತ್ತಾಗಿ ಬೆಂಗಳೂರಿನಲ್ಲಿ ಕೀಮೋ ನಡೆಯುತ್ತಿದೆ. ನಾನು ಅವನ ಜೊತೆ ಇಲ್ಲೇ ರೂಮ್ ಮಾಡಿಕೊಂಡಿದ್ದೇನೆ. ಯಜಮಾನರು ಕೆಲಸ ಬಿಡುವ ಹಾಗಿಲ್ಲ, ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಮಗಳು ಐದನೇ ಕ್ಲಾಸು, ಅಜ್ಜಿ ಮನೆಯಲ್ಲಿದ್ದಾಳೆ. ಅವಳಿಗೆ ‘ತಮ್ಮನಿಗೆ ಜ್ವರ’ ಅಂತ ಮಾತ್ರ ಹೇಳಿದ್ದೇವೆ. ಈಗ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಡಾಕ್ಟರು ನೋಡಿದರು, ಸ್ಕ್ಯಾನ್ ಆಯಿತು, ಏನೂ ಇಲ್ಲ. ಅಜ್ಜಿ ನಾಟಕ ಅಂತಾರೆ. ಆದರೆ ಬೇರೆ ಯಾವುದಕ್ಕೂ ಹಠ ಇಲ್ಲ, ಏನೂ ಕೇಳೋದಿಲ್ಲ, ಫೋನ್ ಮಾಡಿದರೆ ‘ನಿಂದು ಊಟ ಆಯ್ತಾ ಅಮ್ಮ’ ಅಂತ ನನ್ನನ್ನೇ ವಿಚಾರಿಸುತ್ತಾಳೆ. ಕಾಯಿಲೆ ಹೆಸರು ಹೇಳಬೇಕಾ? ಮಗು ಹೆದರಿಬಿಟ್ಟರೆ?

ಉತ್ತರ (ಮಕ್ಕಳ ಕ್ಯಾನ್ಸರ್ ವಿಭಾಗದ ಆಪ್ತ ಸಮಾಲೋಚಕಿ):
ಹೇಳಿ. ಯಜಮಾನರು ಬಂದಾಗ ಇಬ್ಬರೂ ಸೇರಿ ಹೇಳಿ, ಫೋನಿನಲ್ಲಿ ಬೇಡ. ಈ ಶನಿವಾರ ಅವಳನ್ನೂ ಕರೆದುಕೊಂಡು ಬರಲಿ.

ಮೊದಲು ಹೊಟ್ಟೆನೋವಿನ ವಿಷಯ. ಅದು ನಾಟಕ ಅಲ್ಲ. ಭಯ, ಬೇಸರ ಹೊರಗೆ ಹೇಳಲಾಗದ ಮಕ್ಕಳಿಗೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಕೆಲವರು ಹಾಸಿಗೆ ಒದ್ದೆ ಮಾಡುತ್ತಾರೆ, ಕೆಲವರ ಮಾರ್ಕ್ಸ್ ಇಳಿಯುತ್ತದೆ. ಅಜ್ಜಿಗೆ ಇಷ್ಟು ತಿಳಿಸಿ, ಬೈಯುವುದು ನಿಲ್ಲಲಿ. ಡಾಕ್ಟರಿಗೆ ಒಮ್ಮೆ ತೋರಿಸಿದ್ದೀರಿ, ಅದು ಸರಿ. ಹೊಸದಾಗಿ ವಾಂತಿ, ಜ್ವರ ಬಂದರೆ ಅಥವಾ ತೂಕ ಇಳಿದರೆ ಮತ್ತೆ ತೋರಿಸಿ.

ನನಗೆ ಹೊಟ್ಟೆನೋವಿಗಿಂತ ಜಾಸ್ತಿ ಚಿಂತೆ ಆಗುವುದು ಅವಳು ‘ಏನೂ ಕೇಳೋದಿಲ್ಲ’ ಅನ್ನುವ ಮಾತು. ಹತ್ತು ವರ್ಷದ ಮಗು ಏನೂ ಕೇಳುತ್ತಿಲ್ಲ ಅಂದರೆ, ಕೇಳಿದರೆ ಅಮ್ಮನಿಗೆ ಕಷ್ಟ ಆಗುತ್ತದೆ ಅಂತ ತಾನೇ ತೀರ್ಮಾನ ಮಾಡಿಕೊಂಡಿರುತ್ತದೆ. ಎಲ್ಲರೂ ‘ಎಷ್ಟು ಜಾಣೆ’ ಅಂತ ಹೊಗಳುತ್ತಾರೆ, ಅವಳು ಇನ್ನಷ್ಟು ಒಳಗೊಳಗೇ ಇಟ್ಟುಕೊಳ್ಳುತ್ತಾಳೆ. ಮನೆಯಲ್ಲಿ ಪಿಸುಪಿಸು ಮಾತು, ಅಜ್ಜಿಯ ಅಳು, ಹರಕೆ, ಎಲ್ಲ ನೋಡುತ್ತಿದ್ದಾಳೆ ಅಲ್ವಾ? ಬರೀ ಜ್ವರಕ್ಕೆ ಇಷ್ಟೆಲ್ಲ ಆಗಲ್ಲ ಅಂತ ಅವಳಿಗೂ ಗೊತ್ತು.

ಹೇಗೆ ಹೇಳೋದು ಅಂದರೆ, ಸರಳವಾಗಿ: ‘ತಮ್ಮನಿಗೆ ಇರೋದು ರಕ್ತದ ಕ್ಯಾನ್ಸರ್. ಮೂಳೆಯ ಒಳಗೆ ರಕ್ತ ತಯಾರಾಗುವ ಜಾಗದಲ್ಲಿ ಕೆಟ್ಟ ಕಣಗಳು ಜಾಸ್ತಿಯಾಗಿವೆ. ಅದಕ್ಕೆ ಗಟ್ಟಿ ಔಷಧಿ ಕೊಡುತ್ತಿದ್ದಾರೆ, ಆ ಔಷಧಿಗೇ ಕೂದಲು ಉದುರುತ್ತದೆ.’ ಆಮೇಲೆ ಅವಳು ಕೇಳದಿದ್ದರೂ ನೀವೇ ಹೇಳಬೇಕಾದದ್ದು: ಇದು ಅಂಟುವುದಿಲ್ಲ, ನೀನು ಜಗಳ ಆಡಿದ್ದಕ್ಕೋ ಬೈದಿದ್ದಕ್ಕೋ ಬಂದದ್ದಲ್ಲ, ನಿನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ನಾವು ಯೋಚಿಸಿದ್ದೇವೆ. ‘ಸತ್ತುಹೋಗ್ತಾನಾ’ ಅಂತ ಕೇಳಿದರೆ ಬಾಯಿ ಮುಚ್ಚಿಸಬೇಡಿ. ಚಿಕಿತ್ಸೆ ಪೂರ್ತಿ ಮಾಡಿಸಿದರೆ ಈ ಕಾಯಿಲೆಯಲ್ಲಿ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ, ಅದನ್ನೇ ಹೇಳಿ. ಭಾಷೆ ಮಾತ್ರ ಕೊಡಬೇಡಿ. ಸ್ಟೀರಾಯ್ಡ್ ಕೊಡುವ ದಿನಗಳಲ್ಲಿ ತಮ್ಮನಿಗೆ ವಿಪರೀತ ಹಸಿವು, ಸಿಟ್ಟು ಇರುತ್ತದೆ, ಅವಳ ಮೇಲೂ ಕೂಗಾಡಬಹುದು. ಅದು ಔಷಧಿಯ ಕೆಲಸ ಅಂತ ಮೊದಲೇ ತಿಳಿಸಿದ್ದರೆ ಅವಳು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಇನ್ನೊಂದು. ಈ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳು ತುಂಬಾ ಕಷ್ಟ, ಆಮೇಲೆ ಮೇಂಟೆನೆನ್ಸ್ ಅಂತ ಬರುತ್ತದೆ, ಆಗ ಹೆಚ್ಚಾಗಿ ಮನೆಯಲ್ಲೇ ಮಾತ್ರೆ. ಹಾಗಾಗಿ ‘ಸ್ವಲ್ಪ ದಿನ ಅಜ್ಜಿ ಮನೆ’ ಅನ್ನುವ ಲೆಕ್ಕ ಬಿಟ್ಟುಬಿಡಿ, ಅಷ್ಟು ದಿನ ಆ ಹುಡುಗಿಯನ್ನು ದೂರ ಇಡುವುದು ನನಗೆ ಸರಿ ಕಾಣುವುದಿಲ್ಲ. ಅವಳಿಗೆ ನೆಗಡಿ ಕೆಮ್ಮು ಇಲ್ಲದಿದ್ದರೆ, ತಮ್ಮನ ಕೌಂಟ್ (ರಕ್ತಕಣಗಳ ಸಂಖ್ಯೆ) ನೋಡಿ ಡಾಕ್ಟರು ಒಪ್ಪಿದರೆ, ರಜೆಗೆಲ್ಲ ಕರೆಸಿಕೊಳ್ಳಿ. ಕ್ಲಾಸ್ ಟೀಚರಿಗೂ ವಿಷಯ ತಿಳಿಸಿ.

ಪ್ರಶ್ನೆ (ಒಬ್ಬ ತಂದೆ, ದಾವಣಗೆರೆ):
ಮೇಡಂ, ನಮ್ಮದೂ ಇದೇ ಕಥೆ, ಆದರೆ ನಾನು ಆ ಯಜಮಾನರ ಜಾಗದಲ್ಲಿದ್ದೇನೆ. ಸಾಲ, ಡ್ಯೂಟಿ, ಓಡಾಟ. ಹೆಂಡತಿ ‘ನಿಮಗೆ ಏನೂ ಅನ್ನಿಸಲ್ವಾ’ ಅಂತಾಳೆ. ವಾರ್ಡಿಗೆ ಹೋದರೆ ನಿಂತುಕೊಂಡು ಬರುತ್ತೇನೆ ಅಷ್ಟೇ.

ಉತ್ತರ:
ಸರ್, ನಿಮ್ಮ ಅಳು ಅವರಿಗೆ ಕಾಣಿಸುತ್ತಿಲ್ಲ, ಅವರ ಸುಸ್ತು ನಿಮಗೆ ಪೂರ್ತಿ ಗೊತ್ತಾಗುತ್ತಿಲ್ಲ. ‘ನನಗೂ ಭಯ ಆಗುತ್ತಿದೆ’ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ. ಆಮೇಲೆ ಒಂದು ಕೆಲಸ ಪೂರ್ತಿ ನಿಮ್ಮದು ಮಾಡಿಕೊಳ್ಳಿ. ನೀವು ಇರುವ ರಾತ್ರಿ ಮಾತ್ರೆ, ಜ್ವರ ನೋಡುವುದು, ಮಗು ಎದ್ದರೆ ಎತ್ತಿಕೊಳ್ಳುವುದು ಎಲ್ಲ ನೀವೇ, ಅವರು ಮಲಗಲಿ. ಅದಕ್ಕೆ ನರ್ಸ್ ಹತ್ತಿರ ಕಲಿಯಿರಿ, ಅವರು ಖುಷಿಯಿಂದ ಹೇಳಿಕೊಡುತ್ತಾರೆ.

ದುಡ್ಡಿಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಫಾರಂ ಬರೆಸಿಕೊಳ್ಳಿ. ಇನ್ನೂ ಯಾವ ಸಹಾಯ ಸಿಗುತ್ತದೆ ಅಂತ ಅಲ್ಲಿನ ಸಮಾಜ ಕಾರ್ಯಕರ್ತರನ್ನೇ ಕೇಳಿ, ಸಂಕೋಚ ಬೇಡ. ನಿಮಗೇ ನಿದ್ದೆ ಬರುತ್ತಿಲ್ಲ, ಬದುಕು ಸಾಕು ಅನ್ನಿಸುತ್ತಿದೆ ಅಂದರೆ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಯಾವ ಹೊತ್ತಿನಲ್ಲಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಮೊದಲ ತಾಯಿ, ಮುಂದಿನ ವಾರ:
ಹೇಳಿದೆವು ಮೇಡಂ. ಅವಳಿಗೆ ಹೆಸರು ಮೊದಲೇ ಗೊತ್ತಿತ್ತಂತೆ, ಅಪ್ಪನ ಬ್ಯಾಗಿನಲ್ಲಿದ್ದ ಫೈಲ್ ಓದಿದ್ದಳು. ‘ನಾವಿಬ್ಬರೂ ಒಂದೇ ತಟ್ಟೆಯಲ್ಲಿ ತಿಂತಿದ್ವಿ, ನನಗೂ ಟೆಸ್ಟ್ ಮಾಡಿಸ್ತೀರಾ’ ಅಂತ ಕೇಳಿದಳು. ಇಷ್ಟು ದಿನ ಒಬ್ಬಳೇ ಇದನ್ನ ಇಟ್ಟುಕೊಂಡಿದ್ದಳು. ಹೊಟ್ಟೆನೋವು ಇನ್ನೂ ಇದೆ, ಆದರೆ ದಿನಾ ಅಲ್ಲ. ಈಗ ಅವಳ ಕ್ಲಾಸಿನಲ್ಲಿ ಒಬ್ಬನಿಗೆ ಅಮ್ಮ ಎದ್ದಿದೆ, ಅವಳಿಗೆ ಏನೂ ಇಲ್ಲ. ಶನಿವಾರ ಕರೆಸಬಹುದಾ?

ಉತ್ತರ:
ಬೇಡ, ಈ ಸಲ ತಡೆಯಿರಿ. ಕೀಮೋದಲ್ಲಿರುವ ಮಗುವಿಗೆ ಚಿಕನ್‌ಪಾಕ್ಸ್ ತುಂಬಾ ಅಪಾಯ, ಅಂಟಿದ ಮೇಲೆ ಗುಳ್ಳೆ ಕಾಣಿಸಲು ಮೂರು ವಾರದವರೆಗೂ ಹಿಡಿಯಬಹುದು. ಅವಳಿಗೆ ಲಸಿಕೆ ಆಗಿದೆಯಾ ನೋಡಿಕೊಂಡು ನಿಮ್ಮ ಡಾಕ್ಟರಿಗೆ ಹೇಳಿ, ಯಾವಾಗ ಬರಬಹುದು ಅಂತ ಅವರೇ ಹೇಳಲಿ. ಅವಳಿಗೆ ಕಾರಣ ಬಿಡಿಸಿ ಹೇಳಿ, ಇಲ್ಲದಿದ್ದರೆ ಬೇಡ ಅಂದರು ಅಂದುಕೊಳ್ಳುತ್ತಾಳೆ. ಕಳೆದ ಶನಿವಾರ ಬಂದಿದ್ದಳಲ್ಲ, ಆ ಹುಡುಗನಿಗೆ ಗುಳ್ಳೆ ಎದ್ದದ್ದು ಯಾವತ್ತು ಅಂತ ಟೀಚರನ್ನು ಕೇಳಿ, ಇವತ್ತೇ ವಾರ್ಡಿಗೆ ಫೋನ್ ಮಾಡಿ ತಿಳಿಸಿ. ನಾಳೆಗೆ ಇಟ್ಟುಕೊಳ್ಳಬೇಡಿ.