ಇ-ಬಾರ್ಡರ್ಸ್‌ಗೆ ಸುರಿದ 83 ಕೋಟಿ ಪೌಂಡ್ ಎಲ್ಲಿಗೆ ಹೋಯ್ತು?

ಸ್ಲೌ_ಲೆಕ್ಕದವಳು:
ಬ್ರಿಟನ್ನಿನ ಪ್ರಯಾಣಿಕರ ಡೇಟಾ ಕೆಲಸ ಮಾಡಿದವರು ಯಾರಾದ್ರೂ ಇದೀರಾ? ನಂದು ಅಕೌಂಟ್ಸ್ ಕೆಲಸ, ಆಡಿಟ್ ವರದಿ ಓದೋ ಚಟ. ನ್ಯಾಷನಲ್ ಆಡಿಟ್ ಆಫೀಸಿನ ಡಿಸೆಂಬರ್ 2015ರ ವರದಿ ಓದ್ತಾ ಇದ್ದೆ. ದೇಶಕ್ಕೆ ಬರೋರು, ಹೋಗೋರು ಎಲ್ಲರ ವಿವರ ಹೊರಡೋ ಮೊದಲೇ ಸರ್ಕಾರಕ್ಕೆ ಸಿಗಬೇಕು ಅಂತ 2003ರಲ್ಲಿ ಹೊರಟ ಇ-ಬಾರ್ಡರ್ಸ್, ಅದು ನಿಂತ ಮೇಲೆ ಬಂದ ಯೋಜನೆಗಳು, ಎಲ್ಲ ಸೇರಿ ಕನಿಷ್ಠ 83 ಕೋಟಿ ಪೌಂಡ್. ಅದರಲ್ಲಿ 15 ಕೋಟಿ ಕಾಂಟ್ರಾಕ್ಟರ್ ರೇಥಿಯನ್ ಜೊತೆ ರಾಜಿಗೆ, ಮೂರೂವರೆ ಕೋಟಿ ವಕೀಲರ ಖರ್ಚಿಗೆ. ಇಷ್ಟಾದ್ರೂ ಪಾಸ್‌ಪೋರ್ಟ್ ಕೌಂಟರಿನಲ್ಲಿ 1995ರ ಕಾಲದ ವಾರ್ನಿಂಗ್ಸ್ ಇಂಡೆಕ್ಸೇ (ತಡೆದು ವಿಚಾರಿಸಬೇಕಾದವರ ಹೆಸರಿನ ಡೇಟಾಬೇಸು) ಓಡ್ತಿತ್ತಂತೆ. ಹೊಳೇಲಿ ಹುಣಸೇಹಣ್ಣು ತೊಳೆದ ಹಾಗಾಯ್ತಲ್ಲ! ಕಂಪನಿಯವರು ನುಂಗಿದ್ರಾ? ಚೆಕ್-ಇನ್‌ನಲ್ಲಿ ಹೇಗೂ ಪಾಸ್‌ಪೋರ್ಟ್ ನಂಬರ್ ತಗೋತಾರೆ, ಅದನ್ನ ಕಳಿಸೋದ್ರಲ್ಲಿ ಕಷ್ಟ ಏನಿತ್ತು?

ಕುಂದಾಪ್ರ_ಶೆಟ್ರು:
ಮೇಡಂ, ಚೆಕ್-ಇನ್ ಅಂದ್ರಲ್ಲ, ಎಲ್ಲ ಎಡವಿದ್ದು ಅಲ್ಲೇ. ವಿಮಾನದವರಿಗೆ ಅಷ್ಟು ಕಷ್ಟ ಇರ್ಲಿಲ್ಲ. 2001ರ ನಂತರ ಅಮೆರಿಕ ಕೇಳೋಕೆ ಶುರು ಮಾಡಿದ್ಮೇಲೆ ಅವರಿಗೆ ಅಭ್ಯಾಸ ಆಗಿತ್ತು. ನಾನಿದ್ದದ್ದು ಫೆರಿ ಬುಕಿಂಗ್ ಸಾಫ್ಟ್‌ವೇರ್ ಕಡೆ. ನಮ್ಮಲ್ಲಿ ಒಂದು ಬುಕಿಂಗ್ ಅಂದ್ರೆ ಏನು ಗೊತ್ತಾ? ಒಬ್ಬರ ಹೆಸರು, ಕಾರಿನ ನಂಬರ್, ಕಾರಿನ ಉದ್ದ, ಎತ್ತರ, ದೊಡ್ಡೋರು ಎಷ್ಟು, ಮಕ್ಕಳೆಷ್ಟು. ಹಡಗಿನ ಡೆಕ್ ಮೇಲೆ ಗಾಡಿ ಜೋಡಿಸೋನಿಗೆ ಚಾವಣಿ ಮೇಲೆ ಸೈಕಲ್ ಕಟ್ಟಿದಾರಾ ಅನ್ನೋದು ಮುಖ್ಯ. ಹಿಂದಿನ ಸೀಟಿನ ಅಜ್ಜಿ ಯಾವ ದೇಶದ ಪಾಸ್‌ಪೋರ್ಟ್ ಇಟ್ಕೊಂಡಿದಾರೆ ಅಂತ ಅವನು ಯಾಕೆ ಕೇಳ್ತಾನೆ? ಬಂದರಿಗೇ ಬಂದು ಟಿಕೆಟ್ ತಗೊಳ್ಳೋರೂ ಇದ್ರು. ಸಮುದ್ರದಡಿ ಸುರಂಗದಲ್ಲಿ ಫ್ರಾನ್ಸಿಗೆ ಹೋಗೋ ಯೂರೋಟನಲ್‌ನಲ್ಲೂ ಇದೇ ಕಥೆ: ಕಾರು ನೇರ ರೈಲಿಗೆ ಹತ್ತುತ್ತೆ.

ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕ್ಯಾಲೆಗೆ ಫೆರಿಯಲ್ಲಿ ಒಂದೂವರೆ ಗಂಟೆ. ಅಷ್ಟಕ್ಕೆ ಪ್ರತಿ ಕಾರಿನ ಐದೂ ಪಾಸ್‌ಪೋರ್ಟ್ ಓದಬೇಕು ಅಂದ್ರೆ ಅದನ್ನ ಯಾರು ಓದ್ತಾರೆ, ಎಲ್ಲಿ ನಿಂತು ಓದ್ತಾರೆ, ಹಿಂದೆ ನಿಂತ ಕಾರುಗಳನ್ನ ಎಲ್ಲಿ ನಿಲ್ಲಿಸ್ತೀರಿ? ಇದು ಕಂಪ್ಯೂಟರ್ ಪ್ರಶ್ನೆ ಅಲ್ಲ, ಜಾಗದ ಪ್ರಶ್ನೆ. ಜೊತೆಗೆ ಯುರೋಪಿನೊಳಗೆ ಓಡಾಡೋ ಯುರೋಪಿಯನ್ನರಿಂದ ಈ ಮಾಹಿತಿ ಕಡ್ಡಾಯವಾಗಿ ಕೇಳೋದು ಅಲ್ಲಿನ ಮುಕ್ತ ಸಂಚಾರದ ಕಾನೂನಿಗೆ ಹೊಂದುತ್ತಾ ಅನ್ನೋ ತಕರಾರು. ಡಿಸೆಂಬರ್ 2009ರಲ್ಲಿ ಪಾರ್ಲಿಮೆಂಟಿನ ಹೋಮ್ ಅಫೇರ್ಸ್ ಕಮಿಟಿಯೇ ಇದನ್ನ ಎತ್ತಿತ್ತು. ರೇಥಿಯನ್ ಕಾಂಟ್ರಾಕ್ಟಿಗೆ ಸಹಿ ಬಿದ್ದಿದ್ದು ಅದಕ್ಕೂ ಮೊದಲೇ, 2007ರಲ್ಲಿ! ಸುಮಾರು 600 ವಿಮಾನ, ಹಡಗು, ರೈಲು ಕಂಪನಿಗಳು ಕೆಲಸದ ರೀತಿ ಬದಲಿಸಬೇಕಿತ್ತು. ಅವರು ಒಪ್ಪಿದ್ರಾ ಅಂತ ಖಾತ್ರಿ ಮಾಡ್ಕೊಳ್ಳದೆ ಕೋಟಿಗಟ್ಟಲೆ ಮಾತಾಡಿಬಿಟ್ರು. ನುಂಗಿದ್ರು ಅನ್ನೋದಕ್ಕಿಂತ ಇದು ಕೆಟ್ಟದು ಅಂತ ನನ್ನ ಅಭಿಪ್ರಾಯ. ನುಂಗಿದವರನ್ನ ಹಿಡೀಬಹುದು.

ಜುಲೈ 2010ರಲ್ಲಿ ಹೊಸ ಸರ್ಕಾರ ಕಾಂಟ್ರಾಕ್ಟ್ ರದ್ದು ಮಾಡ್ತು. ಆರ್ಬಿಟ್ರೇಷನ್‌ನಲ್ಲಿ (ಮಧ್ಯಸ್ಥರ ಮುಂದೆ) 2014ರ ಆಗಸ್ಟಿಗೆ ಬಡ್ಡಿ ಸೇರಿ 22 ಕೋಟಿ 40 ಲಕ್ಷ ಪೌಂಡ್ ರೇಥಿಯನ್‌ಗೆ ಕೊಡಿ ಅಂತ ಬಂತು. ಹೈಕೋರ್ಟು ಅದನ್ನ ತಳ್ಳಿಹಾಕಿದ್ರೂ ಮತ್ತೆ ಜಗ್ಗಾಡೋದು ಬೇಡ ಅಂತ 15 ಕೋಟಿಗೆ ಮುಗಿಸಿದ್ರು. 2003ರಿಂದ 2015ರೊಳಗೆ ಎಂಟು ಜನ ಪ್ರೋಗ್ರಾಂ ಡೈರೆಕ್ಟರುಗಳು ಬದಲಾದ್ರು. ಬಂದವರು ಫೈಲ್ ಓದಿ ಮುಗಿಸೋ ಹೊತ್ತಿಗೆ ಎದ್ದು ಹೋಗ್ತಿದ್ರೇನೋ.

ಕ್ರಾಯ್ಡನ್_ಕ್ಯೂ:
ಇ-ಬಾರ್ಡರ್ಸ್ ಒಂದೇ ಅಲ್ಲ ಮೇಡಂ. 1996ರಲ್ಲಿ ಸೀಮೆನ್ಸ್‌ಗೆ 7 ಕೋಟಿ 70 ಲಕ್ಷ ಪೌಂಡಿನ ಕಾಂಟ್ರಾಕ್ಟ್, ಇಮಿಗ್ರೇಷನ್ ಅರ್ಜಿಗಳಿಗೆ ಕಾಗದವೇ ಬೇಡ ಅಂತ. ಕಂಪ್ಯೂಟರ್ ಬರೋ ಮುಂಚೆಯೇ ಅನುಭವ ಇದ್ದ ಸಿಬ್ಬಂದಿ ಕಡಿಮೆ ಮಾಡಿದ್ರು. ಕಂಪ್ಯೂಟರ್ ಬರಲಿಲ್ಲ, ಫೈಲುಗಳು ರಾಶಿ ಬಿದ್ವು. 2001ರಲ್ಲಿ ಕೈಬಿಟ್ರು. ಆಮೇಲೆ ಇಮಿಗ್ರೇಷನ್ ಕೇಸ್ ವರ್ಕ್ ಅಂತ ಇನ್ನೊಂದು: 34 ಕೋಟಿ 70 ಲಕ್ಷ, ಆಗಸ್ಟ್ 2013ರಲ್ಲಿ ಬಾಗಿಲು ಹಾಕ್ತು. ಅಷ್ಟೂ ದಿನ ಕೆಲಸ ನಡೆದಿದ್ದು ಹಳೇ ಸಿಐಡಿಯಲ್ಲಿ (ಪೊಲೀಸ್ ಸಿಐಡಿ ಅಲ್ಲ, ಅರ್ಜಿಗಳ ಡೇಟಾಬೇಸು).

ಸ್ಲೌ_ಲೆಕ್ಕದವಳು:
ಶೆಟ್ರೇ, ಕಾರಿನ ಉದ್ದದ ವಿಷಯ ಯಾವ ಆಡಿಟ್ ವರದಿಯಲ್ಲೂ ಹೀಗೆ ಅರ್ಥ ಆಗಿರ್ಲಿಲ್ಲ. ಹಾಗಾದ್ರೆ ಅಷ್ಟು ದುಡ್ಡಿಗೆ ಏನೂ ಸಿಗಲೇ ಇಲ್ವಾ?

ಕುಂದಾಪ್ರ_ಶೆಟ್ರು:
ಪೂರ್ತಿ ಸೊನ್ನೆ ಅಲ್ಲ. 2004ರಲ್ಲಿ ಪ್ರಯೋಗಕ್ಕೆ ಅಂತ ಮಾಡಿದ ಸೆಮಫೋರ್ ಅನ್ನೋ ಪ್ರಯಾಣಿಕರ ಮಾಹಿತಿ ಸಿಸ್ಟಂ ಇತ್ತು, ಅದನ್ನೇ ತೇಪೆ ಹಾಕಿ ಬೆಳೆಸಿದ್ರು. ಡಿಸೆಂಬರ್ 2010ರೊಳಗೆ ಶೇ. 95 ಪ್ರಯಾಣಿಕರ ಮಾಹಿತಿ ಮೊದಲೇ ಸಿಗಬೇಕು ಅಂತ ಗುರಿ, 2015ರಲ್ಲಿ ಸಿಕ್ಕಿದ್ದು ಶೇ. 86. ಏಪ್ರಿಲ್ 2015ರಿಂದ ದೇಶ ಬಿಟ್ಟು ಹೋಗೋರನ್ನೂ ಲೆಕ್ಕ ಹಿಡಿಯೋಕೆ ಶುರು ಮಾಡಿದ್ರು, ಫೆರಿಯಲ್ಲೂ. ನಂತರ ಬಂದ ಡಿಜಿಟಲ್ ಸರ್ವೀಸಸ್ ಅಟ್ ದಿ ಬಾರ್ಡರ್ ಅನ್ನೋ ಯೋಜನೆ ಕೂಡ ಮಾರ್ಚ್ 2019ರ ಗಡುವು ತಪ್ಪಿಸಿ ಇನ್ನೂ 17 ಕೋಟಿ 30 ಲಕ್ಷ ಕೇಳ್ತು, ಅದು ಬೇರೆ ಮಾತು.

ಬ್ರಿಟನ್ನಿಗೆ ಓದೋಕೆ ಬಂದ ನಮ್ಮ ಹುಡುಗರಿಗೆ ತಟ್ಟಿದ ವಿಷಯ ಇನ್ನೊಂದಿದೆ. ಹೋಗೋರ ಲೆಕ್ಕ ಇಲ್ಲದಿದ್ದಾಗ ವಲಸೆ ಅಂಕಿಯೆಲ್ಲ ಏರ್‌ಪೋರ್ಟಲ್ಲಿ, ಬಂದರಲ್ಲಿ ಕೆಲವರನ್ನ ತಡೆದು ಕೇಳೋ ಸರ್ವೆಯಿಂದ ಬರ್ತಿತ್ತು. ವಿದ್ಯಾರ್ಥಿಗಳು ಓದು ಮುಗಿದ್ಮೇಲೂ ಇಲ್ಲೇ ಉಳ್ಕೊಳ್ತಾರೆ, ವರ್ಷಕ್ಕೆ ಲಕ್ಷ ಜನ ಅಂತ ಆ ಸರ್ವೆ ಹಿಡ್ಕೊಂಡೇ ಮಾತಾಡ್ತಿದ್ರು. ಓದಿದ ಮೇಲೆ ಎರಡು ವರ್ಷ ಕೆಲಸ ಮಾಡೋ ವೀಸಾ ಏಪ್ರಿಲ್ 2012ರಲ್ಲಿ ನಿಂತಿದ್ದು ಅದೇ ಗಲಾಟೆಯ ಕಾಲದಲ್ಲಿ. ಹೊರಹೋಗುವವರ ನಿಜವಾದ ದಾಖಲೆ ಆಗಸ್ಟ್ 2017ರಲ್ಲಿ ಹೊರಬಿದ್ದಾಗ ನೋಡಿದ್ರೆ, ವೀಸಾ ಮುಗಿದ ವಿದ್ಯಾರ್ಥಿಗಳಲ್ಲಿ ಶೇ. 97 ಜನ ಸಮಯಕ್ಕೆ ಸರಿಯಾಗಿ ವಾಪಸ್ ಹೋಗಿದ್ರು. ಅಂಥ ವೀಸಾ ಮತ್ತೆ ಬಂದಿದ್ದು ಜುಲೈ 2021ಕ್ಕೆ. ನಡುವಿನ ಒಂಬತ್ತು ವರ್ಷದಲ್ಲಿ ಓದಿ ಊರಿಗೆ ಹೋದವರ ನಷ್ಟ ನಿಮ್ಮ 83 ಕೋಟಿಯಲ್ಲಿ ಸೇರಿಲ್ಲ ಮೇಡಂ.