ಸ್ಟ್ರಾಟಜಿ ಆಟಗಳನ್ನು ಮಾತಿನಿಂದ, ಕೈಚಲನೆಯಿಂದ ಆಡಬಹುದೇ? ಅನುಭವವಿದ್ದವರು ತಿಳಿಸಿ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ನನ್ನ ತಮ್ಮನ ಬಲಗೈ ಹೆಬ್ಬೆರಳಿಗೆ ಪೆಟ್ಟಾಗಿ ಆರು ತಿಂಗಳಾಯಿತು. ವಿಡಿಯೋ ಗೇಮ್ ಕಂಟ್ರೋಲರಿನ ಸ್ಟಿಕ್ ತಿರುಗಿಸಿದರೆ ಹತ್ತೇ ನಿಮಿಷದಲ್ಲಿ ನೋವು ಬರುತ್ತದೆ. ಯೋಜನೆ ಹಾಕಿ ಸೈನ್ಯ ನಡೆಸುವಂಥ ಸ್ಟ್ರಾಟಜಿ ಆಟಗಳೆಂದರೆ ಅವನಿಗೆ ಪ್ರಾಣ. ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಮಾತಿನಿಂದಲೋ ಕೈಚಲನೆಯಿಂದಲೋ ಆಡಲು ದಾರಿಯಿದೆಯೇ? ಹಣ ಹಾಕುವುದಾದರೆ ಯಾವುದಕ್ಕೆ ಹಾಕಬೇಕು?

ಉತ್ತರ (ಪಿ.ಜೆ. ಬಡಾವಣೆ, ದಾವಣಗೆರೆ): ಮಾತಿನ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ. 2008ರಲ್ಲಿ ಯೂಬಿಸಾಫ್ಟ್ ಹೊರತಂದ ಎಂಡ್‌ವಾರ್ ಆಟವನ್ನು ಪ್ಲೇಸ್ಟೇಷನ್ 3 ಕನ್ಸೋಲಿನಲ್ಲಿ ಬಹಳ ಕಾಲ ಆಡಿದ್ದೇನೆ. ಕಂಟ್ರೋಲರಿನ ಹಿಂಬದಿಯ ಟ್ರಿಗರ್ ಗುಂಡಿಯನ್ನು ಒತ್ತಿ ಹಿಡಿದು, ಯಾರು, ಏನು ಮಾಡಬೇಕು, ಯಾರ ಮೇಲೆ ಎಂಬ ಕ್ರಮದಲ್ಲಿ ‘ಯೂನಿಟ್ ತ್ರೀ, ಅಟ್ಯಾಕ್, ಹಾಸ್ಟೈಲ್ ಟೂ’ ಎಂದರೆ ಮೂರನೆಯ ತುಕಡಿ ಹೊರಟೇಬಿಡುತ್ತದೆ. ಟ್ರಿಗರ್ ಒತ್ತುವುದು ತೋರುಬೆರಳಾದ್ದರಿಂದ ನಿಮ್ಮ ತಮ್ಮನ ಹೆಬ್ಬೆರಳಿಗೆ ಬಹುಪಾಲು ಬಿಡುವು ಸಿಗುತ್ತದೆ. ಆದರೆ ಅಲ್ಲಿ ಮಾತು ಅಷ್ಟು ಚೆನ್ನಾಗಿ ನಡೆದದ್ದು ಆಟವನ್ನೇ ಅದಕ್ಕೆ ತಕ್ಕಂತೆ ಕಟ್ಟಿದ್ದರಿಂದ: ತುಕಡಿಗಳು ಕೆಲವೇ, ಒಂದೊಂದಕ್ಕೂ ಸಂಖ್ಯೆಯಿದೆ, ನೆಲೆ ಕಟ್ಟುವ ಗೊಡವೆಯಿಲ್ಲ. ನೂರಾರು ಸೈನಿಕರನ್ನು ಮೌಸಿನಿಂದ ನಡೆಸಲೆಂದೇ ಮಾಡಿದ ಆಟದಲ್ಲಿ ‘ಆ ಗುಡ್ಡದ ಹಿಂದೆ, ಇನ್ನೂ ಸ್ವಲ್ಪ ಎಡಕ್ಕೆ’ ಎಂಬುದನ್ನು ಯಾವ ಆಜ್ಞೆಯಲ್ಲಿ ಹೇಳುವುದು?

ಇನ್ನೆರಡು ತೊಡಕುಗಳನ್ನು ಮೊದಲೇ ತಿಳಿದಿರಿ. ಆ ಆಟಕ್ಕೆ ಕನ್ನಡ ಬಾರದು. ಇಂಗ್ಲಿಷ್ ಶಬ್ದಗಳನ್ನೂ ನಮ್ಮ ರೂಢಿಯಂತೆ ಕೊನೆಗೆ ಉಕಾರ ಸೇರಿಸಿ ‘ಯೂನಿಟ್ಟು’, ‘ಅಟ್ಯಾಕು’ ಎಂದಾಗ ನನ್ನ ಆಜ್ಞೆ ಎಷ್ಟೋ ಸಲ ತಪ್ಪಿತು. ಕೊನೆಯ ವ್ಯಂಜನವನ್ನು ಅಲ್ಲಿಗೇ ಕತ್ತರಿಸಿ ನುಡಿಯಲು ಒಂದು ವಾರ ಅಭ್ಯಾಸ ಮಾಡಿದ ಮೇಲೆ ಸರಿಹೋಯಿತು. ಎರಡನೆಯದು ಫ್ಯಾನ್. ಏಪ್ರಿಲ್ ತಿಂಗಳಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಕೂರುವುದು ಆಗದ ಮಾತು, ಆ ಗಾಳಿಯ ಸದ್ದೆಲ್ಲ ಮೈಕಿಗೆ ಹೋಗುತ್ತದೆ. ಬಾಯಿಯ ಪಕ್ಕಕ್ಕೆ ಮೈಕ್ ಬರುವ ಹೆಡ್‌ಸೆಟ್ ಕೊಳ್ಳಿ. ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್ ಕಂಟ್ರೋಲರಿನಲ್ಲೇ ಮೈಕ್ ಇದೆಯಾದರೂ ಅದು ಮಡಿಲಲ್ಲಿರುತ್ತದೆ, ಬಾಯಿಗೆ ದೂರ.

ಉತ್ತರ (ಹೊಳಲ್ಕೆರೆ ರಸ್ತೆ, ಚಿತ್ರದುರ್ಗ): ನಾನು ಚಲನೆಯ ಕಡೆಯವನು. 2010ರಲ್ಲಿ ಬಂದ ಪ್ಲೇಸ್ಟೇಷನ್ ಮೂವ್ ಎಂಬ ಕೋಲಿನಂಥ ಕಂಟ್ರೋಲರ್ ಹಿಡಿದು ಅದೇ ವರ್ಷದ ರೂಸ್ ಆಟವನ್ನು ಆಡಿದ್ದೇನೆ. ಎರಡನೆಯ ಮಹಾಯುದ್ಧದ ಭೂಪಟದ ಮೇಲೆ ಕೈ ತೋರಿಸಿ ಟ್ಯಾಂಕುಗಳನ್ನು ಕಳಿಸುವುದು, ಸ್ಟಿಕ್ಕಿನಿಂದ ಪರದೆಯ ಮೇಲಿನ ಬಾಣದ ಗುರುತನ್ನು ತೆವಳಿಸುವುದಕ್ಕಿಂತ ಎಷ್ಟೋ ಸಲೀಸು. ಆದರೆ ಕೋಲಿನ ತುದಿಯ ಹೊಳೆಯುವ ಗೋಲವನ್ನು ಟಿವಿಯ ಬಳಿಯ ಕ್ಯಾಮೆರಾ ನೋಡುತ್ತಿರಬೇಕು. ನಮ್ಮ ಹಜಾರದ ಪಶ್ಚಿಮದ ಕಿಟಕಿಯಿಂದ ಸಂಜೆ ನಾಲ್ಕೂವರೆಗೆ ಬಿಸಿಲು ಒಳಗೆ ಬಿದ್ದರೆ ಬಾಣ ನಡುಗತೊಡಗುತ್ತಿತ್ತು, ದಪ್ಪ ಪರದೆ ಹಾಕಿದ ಮೇಲಷ್ಟೇ ನಿಂತಿತು. ಕೈ ಎತ್ತಿ ಹಿಡಿದರೆ ಭುಜ ಸೋಲುತ್ತದೆ, ಮೊಣಕೈ ಕೆಳಗೆ ದಿಂಬಿಟ್ಟುಕೊಂಡರೆ ಒಂದು ಗಂಟೆ ಆಡಬಹುದು. ಮೈಯ ಚಲನೆಯನ್ನು ನೋಡುವ ಎಕ್ಸ್‌ಬಾಕ್ಸಿನ ಕ್ಯಾಮೆರಾ ಕಿನೆಕ್ಟ್ ಬೇಡ, ಆರಡಿ ದೂರದಲ್ಲಿ ನಿಲ್ಲಲು ಜಾಗ ಬೇಕು, ಕೈ ಬೀಸಿ ಸಣ್ಣ ತುಕಡಿಯನ್ನು ಆರಿಸುವಷ್ಟು ನಿಖರತೆ ನನಗಂತೂ ಸಿಗಲಿಲ್ಲ.

ಈಗ ಈ ಹಳೆಯ ಕ್ಯಾಮೆರಾಗಳಿಗೆ ಹಣ ಸುರಿಯಬೇಡಿ. ಗೈರೊ ಎಂಬ ಚಲನೆಯ ಸಂವೇದಕ ಇರುವ ಕಂಟ್ರೋಲರ್ ಸಾಕು. ಅದು ತನ್ನೊಳಗೇ ವಾಲುವಿಕೆಯನ್ನು ಅಳೆಯುವುದರಿಂದ ಬಿಸಿಲಿನ ಹಂಗಿಲ್ಲ, ಮಣಿಕಟ್ಟನ್ನು ತುಸುವೇ ತಿರುಗಿಸಿದರಾಯಿತು. 2020ರಲ್ಲಿ ನಿಂಟೆಂಡೊದ ಸ್ವಿಚ್ ಕನ್ಸೋಲಿಗೆ ಬಂದ ಪಿಕ್ಮಿನ್ 3 ಡಿಲಕ್ಸ್‌ನಲ್ಲಿ ಗುರಿಯನ್ನು ಹೀಗೆ ಹೊಂದಿಸಬಹುದು. ಗುರಿ ಒಂದೇ ಕಡೆಗೆ ಜಾರತೊಡಗಿದರೆ ಕಂಟ್ರೋಲರನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಕ್ಯಾಲಿಬ್ರೇಟ್ ಮಾಡಿ, ಅಂದರೆ ಅದರ ಅಳತೆಯನ್ನು ಮತ್ತೆ ಸರಿಹೊಂದಿಸಿ. ಎಕ್ಸ್‌ಬಾಕ್ಸಿನ ಸಾಮಾನ್ಯ ಕಂಟ್ರೋಲರಿನಲ್ಲಿ ಗೈರೊ ಇಲ್ಲ, ಅಂಗಡಿಯಲ್ಲಿ ಇದನ್ನು ಮರೆಯಬೇಡಿ.

ಉತ್ತರ (ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ): ಮನೆಯಲ್ಲಿ ಈಗಾಗಲೇ ಎಕ್ಸ್‌ಬಾಕ್ಸ್ ಇದ್ದರೆ ಏನನ್ನೂ ಕೊಳ್ಳುವ ಮೊದಲು ಅದರ ಕಂಟ್ರೋಲರ್ ಅಸಿಸ್ಟ್ (ಹಿಂದಿನ ಹೆಸರು ಕೋಪೈಲಟ್) ಸೌಲಭ್ಯವನ್ನು ಪ್ರಯತ್ನಿಸಿ. ಎರಡು ಕಂಟ್ರೋಲರುಗಳು ಒಂದೇ ಕಂಟ್ರೋಲರಿನಂತೆ ಕೆಲಸ ಮಾಡುತ್ತವೆ: ನಿಮ್ಮ ತಮ್ಮ ಎಡಗೈಯಿಂದ ತುಕಡಿಗಳನ್ನು ನಡೆಸಲಿ, ಬಲದ ಸ್ಟಿಕ್ಕನ್ನು ನೀವು ಹಿಡಿಯಿರಿ. ನನ್ನ ತಂದೆಯವರ ಕೈಗೆ ಶಸ್ತ್ರಚಿಕಿತ್ಸೆಯಾದಾಗ ನಾವಿಬ್ಬರೂ ಮೂರು ತಿಂಗಳು ಹೀಗೆಯೇ ಆಡಿದೆವು. ಸರದಿಯಂತೆ ನಡೆಯುವ ಸಿವಿಲೈಜೇಷನ್ VIರಂಥ ಆಟದಿಂದ ಶುರುಮಾಡಿ, ಅಲ್ಲಿ ಅವಸರವಿಲ್ಲ, ನೋವು ಬಂದಾಗ ಕಂಟ್ರೋಲರನ್ನು ಕೆಳಗಿಟ್ಟರೂ ಶತ್ರು ಕಾಯುತ್ತಾನೆ.